ಛಾಯಾನಕ್ಷೆಗಳನ್ನು ಓದುವ ಕ್ರಮ: ಶಿಕಾರಿಪುರ, ಸೊರಬ ಸೀಮೆಯ ನಿದರ್ಶನಗಳೊಡನೆ

ಪೀಠಿಕೆ

ಗ್ರಾಮದ ಮುಖ್ಯಸ್ಥರಿಗೂ ಜಮೀನುದಾರರಿಗೂ ಭೂಪಟವು ಹೊಸದಲ್ಲ. ಸರ್ವೆ ನಂಬರು, ಗಡಿಕಲ್ಲು, ಬಂಡಿದಾರಿ, ಹಳ್ಳ, ಕೆರೆ, ಖರಾಬು ಇವುಗಳನ್ನು ತೋರಿಸುವ ಗ್ರಾಮನಕ್ಷೆಯನ್ನು ಬಂದೋಬಸ್ತಿನ ಕಾಲದಿಂದಲೂ ಹಳ್ಳಿಗರು ಬಲ್ಲರು. ಹದ್ದಿನ ವ್ಯಾಜ್ಯ ಬಂದಾಗಲೆಲ್ಲ ಅದನ್ನು ಬಿಚ್ಚಿ ನೋಡುವುದು ವಾಡಿಕೆ. ಆದರೆ ಆ ನಕ್ಷೆಯು ಒಂದು ಹಿಡುವಳಿ ಎಲ್ಲಿ ಮುಗಿಯಿತು, ಮತ್ತೊಂದು ಎಲ್ಲಿ ಮೊದಲಾಯಿತು ಎಂಬುದನ್ನು ಮಾತ್ರ ಹೇಳುವುದು. ಆ ನೆಲವು ಎತ್ತರವೋ ತಗ್ಗೋ, ಅದರ ಮೇಲೆ ಎಷ್ಟು ಮಳೆ ಬಿದ್ದಿತು, ಅದರ ಮಣ್ಣಿನಲ್ಲಿ ಸಾರವೆಷ್ಟು ಎಂಬುದನ್ನು ಅದು ಹೇಳಲಾರದು.

ಈ ಕೊರತೆಯನ್ನು ನೀಗುವುದಕ್ಕಾಗಿ ಬೇರೊಂದು ಬಗೆಯ ನಕ್ಷೆಯು ಬಳಕೆಗೆ ಬಂದಿದೆ. ಅದರಲ್ಲಿ ಗಡಿಗಳಿಗಿಂತ ಬಣ್ಣವೇ ಪ್ರಧಾನ. ಒಂದೆಡೆ ದಟ್ಟವಾಗಿಯೂ ಮತ್ತೊಂದೆಡೆ ತೆಳುವಾಗಿಯೂ ಬಳಿದ ಛಾಯೆಯ ಮೂಲಕ ಅದು ಮಳೆಯ ಪ್ರಮಾಣ, ನೆಲದ ಎತ್ತರ, ಮಣ್ಣಿನ ಗುಣ, ಪೈರಿನ ಹಸುರು, ಬಾವಿಯ ನೀರಿನ ಮಟ್ಟ ಮೊದಲಾದುವನ್ನು ತೋರಿಸುವುದು. ಇದನ್ನು ಛಾಯಾನಕ್ಷೆಯೆಂದು ಕರೆಯಬಹುದು. ಬರಪೀಡಿತ ತಾಲ್ಲೂಕುಗಳ ನಿರ್ಣಯ, ಬೆಳೆವಿಮೆ, ಗೊಬ್ಬರದ ಶಿಫಾರಸು, ಕೆರೆಗಳ ಹೂಳೆತ್ತುವ ಕಾಮಗಾರಿ ಇವೆಲ್ಲವುಗಳಲ್ಲಿಯೂ ಇಂತಹ ನಕ್ಷೆಗಳೂ ಅವುಗಳಿಗೆ ಮೂಲವಾದ ಅಂಕಿಗಳೂ ಉಪಯೋಗಿಸಲ್ಪಡುತ್ತಿವೆ. ಹೀಗಿರುವಲ್ಲಿ, ಅವನ್ನು ಓದಲು ತಿಳಿದವನಿಗೂ ತಿಳಿಯದವನಿಗೂ ಆಗುವ ಲಾಭನಷ್ಟಗಳಲ್ಲಿ ವ್ಯತ್ಯಾಸವಿರುವುದು ಸಹಜವೇ. ಛಾಯಾನಕ್ಷೆಯನ್ನು ಕುರಿತು ಮೊದಲು ತಿಳಿಯತಕ್ಕ ಮಾತು ಒಂದೇ: ಛಾಯೆಯ ಕೆಳಗೆ ಅಳತೆಯ ಬಿಂದುಗಳಿರುವುವು; ಬಿಂದುಗಳಿರುವೆಡೆ ಇರುವುದು ಅಳತೆ, ಅವುಗಳ ನಡುವೆ ಇರುವುದು ಊಹೆ. ಬಣ್ಣವು ಇವೆರಡನ್ನೂ ಒಂದೇ ಬಗೆಯಾಗಿ ಮುಚ್ಚಿಬಿಡುವುದು.

ಬಿಂದು, ರೇಖೆ, ಛಾಯೆ

ಅಂಕಿಗಳು ಛಾಯೆಯಾಗಿ ಪರಿಣಮಿಸುವ ಬಗೆಯನ್ನು ತಿಳಿಯಲು ಊರಿನ ಕೆರೆಯೇ ಸಾಕು. ಸೊರಬ ತಾಲ್ಲೂಕಿನಲ್ಲಾಗಲಿ ಶಿಕಾರಿಪುರ ತಾಲ್ಲೂಕಿನಲ್ಲಾಗಲಿ ಕೆರೆಗಳಿಗೆ ಕೊರತೆಯಿಲ್ಲ. ಕೆರೆ ತುಂಬಿ ಕೋಡಿ ಹರಿಯುವ ದಿನ ನೀರಂಚಿನ ಉದ್ದಕ್ಕೂ ನಡೆದು ಹೋದವನು, ಎಷ್ಟು ತಿರುವುಮುರುವಾಗಿ ನಡೆದರೂ, ಒಂದೇ ಎತ್ತರದಲ್ಲಿ ನಡೆದಂತಾಗುವುದು. ಏಕೆಂದರೆ ನಿಂತ ನೀರು ಎಲ್ಲ ಕಡೆಯೂ ಸಮಮಟ್ಟದಲ್ಲಿರುವುದು. ಆದುದರಿಂದ ಆ ನೀರಂಚನ್ನು ಕಾಗದದ ಮೇಲೆ ಬರೆದರೆ ಅದು ಒಂದು ಸಮೋಚ್ಚ ರೇಖೆಯಾಯಿತು, ಎಂದರೆ ಸಮಾನವಾದ ಎತ್ತರವುಳ್ಳ ಸ್ಥಳಗಳನ್ನು ಕೂಡಿಸುವ ಗೆರೆಯಾಯಿತು. ನೀರು ಒಂದು ಮೀಟರು ಇಳಿದಾಗ ಉಂಟಾಗುವ ಹೊಸ ಅಂಚು ಎರಡನೆಯ ರೇಖೆ. ಇನ್ನೊಂದು ಮೀಟರು ಇಳಿದಾಗ ಮೂರನೆಯದು. ಬೇಸಗೆಯ ಹೊತ್ತಿಗೆ ಒಂದರೊಳಗೊಂದು ಅಡಗಿದ ಗೆರೆಗಳ ಚಿತ್ರವು ದೊರೆಯುವುದು. ಗೆರೆಗಳು ಒತ್ತಾಗಿರುವ ಕಡೆ ದಡವು ಕಡಿದಾಗಿದೆಯೆಂದೂ, ವಿರಳವಾಗಿರುವ ಕಡೆ ನೆಲವು ಇಳಿಜಾರಿಲ್ಲದೆ ಹರಡಿದೆಯೆಂದೂ ತಿಳಿಯಬೇಕು. ಕೊನೆಗೆ ಗೆರೆಗಳ ನಡುವಣ ಪಟ್ಟಿಗಳಿಗೆ, ಹೊರಗಿನದಕ್ಕೆ ತೆಳುವಾಗಿಯೂ ಒಳಗಿನದಕ್ಕೆ ದಟ್ಟವಾಗಿಯೂ ಒಂದೇ ಬಣ್ಣವನ್ನು ಬಳಿದರೆ ಕೆರೆಯ ಆಳವು ಕಣ್ಣಿಗೆ ಕಟ್ಟುವುದು. ಛಾಯಾನಕ್ಷೆಯ ತತ್ತ್ವವೆಲ್ಲವೂ ಇಷ್ಟರಲ್ಲಿಯೇ ಅಡಗಿದೆ.

ಈ ವಿಧಾನವು ಬೆಳೆದುಬಂದುದು ಹಲವರ ಪ್ರಯತ್ನದಿಂದ. 1774ರಲ್ಲಿ ಸ್ಕಾಟ್ಲೆಂಡಿನ ಶಿಹಾಲಿಯನ್ ಎಂಬ ಬೆಟ್ಟದ ಮೇಲೆ ಭೂಮಿಯ ತೂಕವನ್ನು ಕಂಡುಹಿಡಿಯುವುದಕ್ಕಾಗಿ ಅಳತೆಗಳು ನಡೆದುವು. ಆ ಅಂಕಿಗಳ ರಾಶಿಯನ್ನು ಪರಿಶೀಲಿಸಿದ ಚಾರ್ಲ್ಸ್ ಹಟನ್ ಎಂಬ ಗಣಿತಜ್ಞನು ಸಮಾನ ಎತ್ತರದ ಬಿಂದುಗಳನ್ನು ಗೆರೆಯಿಂದ ಕೂಡಿಸಿದೊಡನೆ ಬೆಟ್ಟದ ಆಕಾರವು ಸ್ಪಷ್ಟವಾಯಿತು. 1817ರಲ್ಲಿ ಅಲೆಕ್ಸಾಂಡರ್ ಹಂಬೋಲ್ಟನು ಇದೇ ಉಪಾಯದಿಂದ ಸಮಾನವಾದ ಶಾಖವುಳ್ಳ ಪ್ರದೇಶಗಳನ್ನು ಗೆರೆಗಳಿಂದ ತೋರಿಸಿದನು. ಕಣ್ಣಿಗೆ ಕಾಣದ ಶಾಖವನ್ನು ಬೆಟ್ಟದಂತೆ ಏರಿಳಿತವುಳ್ಳ ಮೇಲ್ಮೈಯೆಂದು ಭಾವಿಸಿ ಬರೆಯಬಹುದಾದರೆ, ಮಳೆಯನ್ನೂ ಮಣ್ಣಿನ ಸಾರವನ್ನೂ ಹಾಗೆಯೇ ಬರೆಯಬಹುದಷ್ಟೆ.

ಮಳೆಯ ನಕ್ಷೆ

ಕೆರೆಯ ನೀರಂಚಿಗೂ ಮಳೆಯ ರೇಖೆಗೂ ಒಂದು ದೊಡ್ಡ ಭೇದವಿದೆ. ನೀರಂಚನ್ನು ಉದ್ದಕ್ಕೂ ನಡೆದು ನೋಡಬಹುದು. ಮಳೆಯನ್ನಾದರೋ ಮಳೆಮಾಪಕವಿರುವ ಸ್ಥಳದಲ್ಲಿ ಮಾತ್ರವೇ ಅಳೆಯಲು ಸಾಧ್ಯ. ಎರಡು ಮಾಪಕಗಳ ನಡುವೆ ಎಷ್ಟು ಬಿದ್ದಿತೆಂಬುದನ್ನು ಲೆಕ್ಕದಿಂದ ಊಹಿಸಬೇಕು. ಉದಾಹರಣೆಗಾಗಿ, ಪಶ್ಚಿಮದ ಒಂದು ಮಾಪಕದಲ್ಲಿ ವರ್ಷಕ್ಕೆ 1,400 ಮಿ.ಮೀ. ಎಂದೂ, ಅದಕ್ಕೆ 20 ಕಿ.ಮೀ. ಪೂರ್ವದ ಇನ್ನೊಂದು ಮಾಪಕದಲ್ಲಿ 1,000 ಮಿ.ಮೀ. ಎಂದೂ ಇಟ್ಟುಕೊಳ್ಳೋಣ. ವ್ಯತ್ಯಾಸವು 400, ಆದುದರಿಂದ 5 ಕಿ.ಮೀ.ಗೆ 100ರಂತೆ ಮಳೆ ಇಳಿಯುವುದೆಂದು ಭಾವಿಸಿ, ಪಶ್ಚಿಮದ ಮಾಪಕದಿಂದ 5 ಕಿ.ಮೀ. ದೂರದಲ್ಲಿ 1,300ರ ರೇಖೆಯನ್ನೂ, 10 ಕಿ.ಮೀ. ದೂರದಲ್ಲಿ 1,200ರ ರೇಖೆಯನ್ನೂ ಎಳೆಯುವರು. ಇಂತಹ ರೇಖೆಗೆ ಸಮವೃಷ್ಟಿ ರೇಖೆಯೆಂದು ಹೆಸರು.

ಈ ಸೀಮೆಗೆ ಸಂಬಂಧಿಸಿದಂತೆ ಈ ಊಹೆಯು ಮೊತ್ತದಲ್ಲಿ ಸರಿಯಾಗಿಯೇ ಇದೆ. ಘಟ್ಟದ ಅಂಚಿನಲ್ಲಿರುವ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆಯಾಗುವುದು. ಅಲ್ಲಿಂದ ಈಶಾನ್ಯಕ್ಕೆ ಬಂದಂತೆ ಮಳೆ ತಗ್ಗುತ್ತ ಹೋಗಿ, ಸೊರಬದ ಪಶ್ಚಿಮದ ಮಲೆನಾಡು ಶಿಕಾರಿಪುರದ ಪೂರ್ವದ ಅರೆಮಲೆನಾಡಾಗಿ ಮಾರ್ಪಡುವುದು. ಅಡಿಕೆ, ಭತ್ತ, ಮೆಕ್ಕೆಜೋಳ ಇವುಗಳ ಹಂಚಿಕೆಯೂ ಈ ಇಳಿಜಾರನ್ನು ಅನುಸರಿಸಿಯೇ ಇದೆ. ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳು ಜಡಿಹಿಡಿದು ಸೀಮೆಗೆಲ್ಲ ಒಟ್ಟಿಗೆ ಸುರಿಯುವುದರಿಂದ ಎರಡು ಮಾಪಕಗಳ ನಡುವಣ ಊಹೆಯು ಬಹುಮಟ್ಟಿಗೆ ನಿಲ್ಲುವುದು. ಆದರೆ ಭರಣಿ, ಕೃತ್ತಿಕೆಗಳ ಗುಡುಗಿನ ಮಳೆಯ ಸ್ವಭಾವವೇ ಬೇರೆ. ಒಂದು ಊರಿನ ಗದ್ದೆಯಲ್ಲಿ ನೀರು ನಿಂತಿರುವಾಗ ಹಳ್ಳದಾಚೆಯ ಊರಿನಲ್ಲಿ ದೂಳು ಹಾರುವುದನ್ನು ಕಾಣದ ರೈತನಿಲ್ಲ. ಅಂತಹ ದಿನದ ಅಂಕಿಗಳಿಂದ ಎಳೆದ ನಯವಾದ ಛಾಯೆಯು ನೋಟಕ್ಕೆ ಚೆನ್ನಾಗಿದ್ದರೂ ನೆಲದ ನಿಜವನ್ನು ಹೇಳಲಾರದು.

ಆದುದರಿಂದಲೇ ಮಾಪಕಗಳ ಸಂಖ್ಯೆಯನ್ನು ಹೆಚ್ಚಿಸುವುದು ಅಗತ್ಯವಾಯಿತು. 1988ರಲ್ಲಿ ಬರದ ನಿಗಾ ಘಟಕವಾಗಿ ಸ್ಥಾಪಿತವಾಗಿ, ಅನಂತರ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆಂಬ ಹೆಸರನ್ನು ಪಡೆದ ಸಂಸ್ಥೆಯು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ, ತಾವಾಗಿಯೇ 15 ನಿಮಿಷಕ್ಕೊಮ್ಮೆ ಅಂಕಿಗಳನ್ನು ಕಳುಹಿಸುವ ಮಾಪಕಗಳನ್ನು ನೆಟ್ಟಿದೆ. 2016ರಲ್ಲಿ ಹೊಸ ರೂಪದಲ್ಲಿ ಜಾರಿಗೆ ಬಂದ ಹವಾಮಾನ ಆಧಾರಿತ ಬೆಳೆವಿಮೆಯಲ್ಲಿ ಅಡಿಕೆ, ಕಾಳುಮೆಣಸು ಮೊದಲಾದ ಬೆಳೆಗಳ ಪರಿಹಾರವು ತೋಟದಲ್ಲಿ ಉದುರಿದ ಕಾಯಿಗಳನ್ನು ಎಣಿಸಿ ನಿರ್ಧಾರವಾಗುವುದಲ್ಲ. ಆ ಪ್ರದೇಶಕ್ಕೆ ಗೊತ್ತುಪಡಿಸಿದ ಮಾಪಕದ ಅಂಕಿಗಳನ್ನು ನೋಡಿ ನಿರ್ಧಾರವಾಗುವುದು. ಇಂತಹ ಮಾಪಕವೊಂದು ಊರಿನಲ್ಲಿದ್ದರೆ ಅದರ ಯೋಗಕ್ಷೇಮವು ಊರಿನ ಹಿರಿಯರ ಗಮನದಲ್ಲಿರಬೇಕಾದುದು ನ್ಯಾಯ. ಮರವಾಗಲಿ ಕಟ್ಟಡವಾಗಲಿ ಮಾಪಕದಿಂದ ತನ್ನ ಎತ್ತರದ ಎರಡರಷ್ಟಾದರೂ ದೂರದಲ್ಲಿರಬೇಕು. ಮಾಪಕವನ್ನು ನೆಟ್ಟಾಗ ಮೊಣಕಾಲುದ್ದವಿದ್ದ ಗಿಡವು ಹತ್ತು ವರ್ಷಗಳಲ್ಲಿ ಮರವಾಗಿ ಮಳೆಯನ್ನು ತಡೆಯುತ್ತಿದ್ದರೆ, ನಕ್ಷೆಯಲ್ಲಿ ಆ ಊರು ವರ್ಷವರ್ಷವೂ ತೆಳುವಾಗುತ್ತ ಹೋಗುವುದು. ಆಕಾಶದ ತಪ್ಪು ಅದರಲ್ಲಿ ಏನೂ ಇರುವುದಿಲ್ಲ.

ಬಣ್ಣದ ಮೆಟ್ಟಿಲುಗಳು

ಛಾಯೆಯು ಮೆಟ್ಟಿಲುಗಳಂತೆ ವಿಂಗಡವಾಗುವುದರಿಂದ ಉಂಟಾಗುವ ಭ್ರಮೆಯು ಇನ್ನೊಂದು. ಭಾರತೀಯ ಹವಾಮಾನ ಇಲಾಖೆಯ ಮಳೆನಕ್ಷೆಗಳಲ್ಲಿ ವಾಡಿಕೆಯ ಮಳೆಗಿಂತ ಶೇಕಡಾ 19ರವರೆಗೆ ಹೆಚ್ಚು ಅಥವಾ ಕಡಮೆಯಾದರೆ ಅದನ್ನು ಸಾಮಾನ್ಯವೆಂದು ಹಸುರು ಬಣ್ಣದಿಂದಲೂ, ಶೇಕಡಾ 20ರಿಂದ 59ರವರೆಗಿನ ಕೊರತೆಯನ್ನು ಕೆಂಪು ಬಣ್ಣದಿಂದಲೂ, ಶೇಕಡಾ 60ರಿಂದ ಮೇಲ್ಪಟ್ಟ ತೀವ್ರ ಕೊರತೆಯನ್ನು ಹಳದಿ ಬಣ್ಣದಿಂದಲೂ, ಹೆಚ್ಚಾದ ಮಳೆಯನ್ನು ನೀಲಿ ಬಣ್ಣಗಳಿಂದಲೂ ತೋರಿಸುವ ಪದ್ಧತಿಯಿದೆ. ವಾಡಿಕೆಯ ಮಳೆ 1,000 ಮಿ.ಮೀ. ಇರುವ ಎರಡು ತಾಲ್ಲೂಕುಗಳನ್ನು ಭಾವಿಸೋಣ. ಒಂದರಲ್ಲಿ 810 ಮಿ.ಮೀ. ಬಿದ್ದರೆ ಅದು ಹಸುರು. ಮತ್ತೊಂದರಲ್ಲಿ 800 ಮಿ.ಮೀ. ಬಿದ್ದರೆ ಅದು ಕೆಂಪು. ಇವೆರಡರ ಅಂತರವು ಒಂದು ಸಂಜೆಯ ಮಳೆಯಷ್ಟು ಮಾತ್ರ. ಇದಕ್ಕೆ ವಿರುದ್ಧವಾಗಿ, 800 ಮಿ.ಮೀ. ಬಿದ್ದ ತಾಲ್ಲೂಕೂ 410 ಮಿ.ಮೀ. ಬಿದ್ದ ತಾಲ್ಲೂಕೂ ಒಂದೇ ಕೆಂಪಿನಲ್ಲಿರುವುವು. ಆದರೆ ಮೊದಲನೆಯದರಲ್ಲಿ ಪೈರು ಬದುಕಿರಬಹುದು, ಎರಡನೆಯದರಲ್ಲಿ ಕುಡಿಯುವ ನೀರಿಗೂ ಕಷ್ಟವಾಗಿರಬಹುದು. ಮೇಲಾಗಿ ಕೆಂಪೇ ಅಪಾಯದ ಕೊನೆಯ ಬಣ್ಣವೆಂದು ತಿಳಿದವನು ಹಳದಿಯನ್ನು ಕಂಡು ಸಮಾಧಾನಪಡುವನು. ನಿಜವಾಗಿ ಹಳದಿಯೇ ಹೆಚ್ಚಿನ ಕೊರತೆ. ಆದುದರಿಂದ ನಕ್ಷೆಯ ಮೂಲೆಯಲ್ಲಿ ಅಚ್ಚಾಗಿರುವ ಬಣ್ಣಸೂಚಿಯನ್ನು ಓದದೆ ನಕ್ಷೆಯನ್ನು ಓದತಕ್ಕದ್ದಲ್ಲ.

ತಾಲ್ಲೂಕಿಗೆಲ್ಲ ಒಂದೇ ಬಣ್ಣವನ್ನು ಬಳಿದ ನಕ್ಷೆಗೂ ಮೇಲೆ ಹೇಳಿದ ರೇಖೆಗಳ ನಕ್ಷೆಗೂ ಇರುವ ಭೇದವನ್ನು ಸಹ ಗಮನಿಸಬೇಕು. ಮೊದಲನೆಯದರಲ್ಲಿ ಮಳೆಯು ತಾಲ್ಲೂಕಿನ ಗಡಿಯವರೆಗೆ ಒಂದೇ ಸಮನಾಗಿ ಸುರಿದು, ಗಡಿಕಲ್ಲನ್ನು ಕಂಡೊಡನೆ ನಿಂತಂತೆ ತೋರುವುದು. ಸೊರಬ ತಾಲ್ಲೂಕಿನ ಪಶ್ಚಿಮ ಭಾಗದ ಹೆಚ್ಚು ಮಳೆಯು ಪೂರ್ವ ಭಾಗದ ಕೊರತೆಯನ್ನು ಸರಾಸರಿಯಲ್ಲಿ ಮರೆಮಾಡಬಲ್ಲುದು. ಬರದ ನಿರ್ಣಯಕ್ಕಾಗಿ ಕೇಂದ್ರ ಸರ್ಕಾರವು 2016ರಲ್ಲಿ ಪ್ರಕಟಿಸಿದ ಕೈಪಿಡಿಯು ಮಳೆಯ ಕೊರತೆಯನ್ನಷ್ಟೇ ಅಲ್ಲದೆ ಮಳೆ ಬಾರದ ವಾರಗಳು, ಬಿತ್ತನೆಯ ವಿಸ್ತೀರ್ಣ, ಉಪಗ್ರಹವು ಕಂಡ ಪೈರಿನ ಹಸುರು, ಮಣ್ಣಿನ ತೇವ, ಜಲಾಶಯ ಮತ್ತು ಅಂತರ್ಜಲಗಳ ಸ್ಥಿತಿ ಇವುಗಳನ್ನೂ ನೋಡಬೇಕೆಂದು ವಿಧಿಸಿರುವುದಕ್ಕೆ ಇಂತಹ ಕಾರಣಗಳೇ ಆಧಾರ.

ನೆಲದ ಏರುತಗ್ಗಿನ ನಕ್ಷೆ

ನೆಲದ ಎತ್ತರವನ್ನು ಛಾಯೆಯಿಂದ ತೋರಿಸುವುದಕ್ಕೆ ಎರಡು ಮಾರ್ಗಗಳಿವೆ; ಇವನ್ನು ಒಂದರೊಡನೊಂದು ಬೆರಸಿ ತಿಳಿಯಬಾರದು. ಮೊದಲನೆಯದರಲ್ಲಿ ಪ್ರತಿಯೊಂದು ಎತ್ತರಕ್ಕೂ ಒಂದೊಂದು ಬಣ್ಣ: ತಗ್ಗಿಗೆ ಹಸುರು, ಎತ್ತರಕ್ಕೆ ಕಂದು. ಇಲ್ಲಿ ಬಣ್ಣವು ನೇರವಾಗಿ ಅಂಕಿಯನ್ನು ಹೇಳುವುದು. ಎರಡನೆಯದರಲ್ಲಿ ನೆಲದ ಮೇಲೆ ಓರೆಯಾಗಿ ಬೆಳಕು ಬಿದ್ದಂತೆ ಭಾವಿಸಿ, ಬೆಳಕಿಗೆ ಮುಖ ಮಾಡಿದ ಇಳಿಜಾರನ್ನು ಬಿಳುಪಾಗಿಯೂ ಬೆನ್ನು ಮಾಡಿದುದನ್ನು ಕಪ್ಪಾಗಿಯೂ ಬರೆಯುವರು. ಸಂಜೆಯ ಬಿಸಿಲು ಹೊಲದ ಮೇಲೆ ಅಡ್ಡವಾಗಿ ಬಿದ್ದಾಗ, ನಡುಹಗಲಿನಲ್ಲಿ ಕಾಣದ ಬದುವೂ ಕಾಲುದಾರಿಯೂ ನೆರಳಿನಿಂದ ಎದ್ದು ಕಾಣುವುದಿಲ್ಲವೆ? ಅದೇ ಉಪಾಯವಿದು. ಇಲ್ಲಿ ಕಪ್ಪು ಎಂದರೆ ತಗ್ಗು ಎಂದಲ್ಲ, ಎತ್ತರ ಎಂದೂ ಅಲ್ಲ. ಬೆಳಕಿಗೆ ಮರೆಯಾದ ಇಳಿಜಾರು ಎಂದಷ್ಟೇ ಅರ್ಥ.

ಈ ಬೆಳಕು ನಕ್ಷೆಯ ಎಡ ಮೇಲ್ಮೂಲೆಯಿಂದ, ಎಂದರೆ ವಾಯವ್ಯದಿಂದ ಬೀಳುವಂತೆ ಬರೆಯುವುದು ರೂಢಿ. ಮನುಷ್ಯನ ಕಣ್ಣು ಮೇಲಿನಿಂದ ಬರುವ ಬೆಳಕಿಗೆ ಒಗ್ಗಿರುವುದೇ ಇದಕ್ಕೆ ಕಾರಣ. ಸಂದೇಹವಿದ್ದವರು ಇಂತಹ ನಕ್ಷೆಯೊಂದನ್ನು ತಲೆಕೆಳಗಾಗಿ ಹಿಡಿದು ನೋಡಬಹುದು. ಆಗ ಬೆಟ್ಟಗಳು ಹಳ್ಳಗಳಾಗಿಯೂ, ಹೊಳೆಗಳು ದಿಬ್ಬದ ಸಾಲುಗಳಾಗಿಯೂ ತೋರುವುವು. ಗುಂಪುಗೂಡಿ ನಕ್ಷೆಯನ್ನು ನೋಡುವಾಗ ಎದುರುಬದಿಯಲ್ಲಿ ನಿಂತವರಿಗೆ ನೀರು ಏರಿನ ಕಡೆಗೆ ಹರಿಯುವಂತೆ ಕಂಡರೆ ಆಶ್ಚರ್ಯಪಡಬೇಕಾದುದಿಲ್ಲ.

ಇಂತಹ ನಕ್ಷೆಯ ಪ್ರಯೋಜನವು ನೀರಿನ ಹಂಚಿಕೆಯನ್ನು ತಿಳಿಯುವುದರಲ್ಲಿದೆ. ಸಾಗರ ತಾಲ್ಲೂಕಿನಲ್ಲಿ ಹರಿಯುವ ಶರಾವತಿಯು ಪಶ್ಚಿಮಕ್ಕೆ ತಿರುಗಿ ಅರಬ್ಬೀ ಸಮುದ್ರವನ್ನು ಸೇರುವುದು. ಅದೇ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟಿದ ವರದಾ ನದಿಯು ಸೊರಬ ತಾಲ್ಲೂಕಿನ ಮೂಲಕ ಬನವಾಸಿಯ ಕಡೆಗೆ ಹರಿದು, ಮುಂದೆ ತುಂಗಭದ್ರೆಯನ್ನು ಕೂಡಿ ಬಂಗಾಳ ಕೊಲ್ಲಿಯ ಪಾಲಾಗುವುದು. ಈ ಎರಡನ್ನು ಬೇರ್ಪಡಿಸುವ ಏಣು ಅನೇಕ ಕಡೆಗಳಲ್ಲಿ ಎದ್ದು ಕಾಣುವ ಬೆಟ್ಟವೇನೂ ಅಲ್ಲ. ದಾರಿಯಲ್ಲಿ ನಡೆಯುವವನಿಗೆ ಅದು ಗೋಚರವಾಗದಿದ್ದರೂ ಛಾಯೆಯಲ್ಲಿ ಗೋಚರವಾಗುವುದು. ಶಿಕಾರಿಪುರದ ಕುಮುದ್ವತಿಯ ಪಾತ್ರಕ್ಕೂ ವರದೆಯ ಪಾತ್ರಕ್ಕೂ ನಡುವಣ ಮೇಡು ಸಹ ಹಾಗೆಯೇ. ಯಾವ ಕೆರೆಗೆ ಯಾವ ಗುಡ್ಡದ ನೀರು ಬರತಕ್ಕದ್ದು, ಹೊಸ ರಸ್ತೆಯ ಏರಿಯು ಯಾವ ಹಳ್ಳವನ್ನು ತಡೆಯುವುದು ಎಂಬ ಪ್ರಶ್ನೆಗಳಿಗೆ ಈ ನಕ್ಷೆಯು ಉತ್ತರ ಹೇಳಬಲ್ಲುದು.

ಆದರೆ ಮೂಲವಾದ ಅಳತೆಯ ಮಿತಿಯನ್ನು ಅರಿತಿರಬೇಕು. ಭಾರತೀಯ ಸರ್ವೇಕ್ಷಣ ಇಲಾಖೆಯು ಪ್ರಕಟಿಸಿದ 1:50,000 ಪ್ರಮಾಣದ ಹಾಳೆಗಳಲ್ಲಿ ಈ ಸೀಮೆಯು 48 ಎನ್ ಎಂಬ ವಿಭಾಗದೊಳಗಿದೆ; ಆ ಹಾಳೆಗಳಲ್ಲಿ ಸಮೋಚ್ಚ ರೇಖೆಗಳ ಅಂತರವು ಸಾಮಾನ್ಯವಾಗಿ 20 ಮೀಟರು. ಚಂದ್ರಗುತ್ತಿಯ ಬೆಟ್ಟವನ್ನು ತೋರಿಸಲು ಇದು ಧಾರಾಳವಾಗಿ ಸಾಕು. ಆದರೆ ಗದ್ದೆಯ ಬಯಲಿನಲ್ಲಿ ಒಂದು ರೇಖೆಯೂ ಸಿಕ್ಕದೆ ಹೋಗಬಹುದು. 2000ನೆಯ ಇಸವಿಯ ಫೆಬ್ರುವರಿಯಲ್ಲಿ ಅಮೆರಿಕದ ಎಂಡೆವರ್ ಎಂಬ ಆಕಾಶನೌಕೆಯು 11 ದಿನಗಳ ಯಾನದಲ್ಲಿ ರೇಡಾರಿನಿಂದ ಭೂಮಿಯ ಬಹುಭಾಗದ ಎತ್ತರವನ್ನು ಅಳೆಯಿತು. 2005ರ ಮೇ ತಿಂಗಳಲ್ಲಿ ಹಾರಿದ ಭಾರತದ ಕಾರ್ಟೋಸ್ಯಾಟ್-1 ಉಪಗ್ರಹವು ಎರಡು ಕ್ಯಾಮೆರಾಗಳಿಂದ ಚಿತ್ರ ತೆಗೆದು ಅದೇ ಕೆಲಸವನ್ನು ಮಾಡಿತು. ಇವುಗಳಿಂದ ಸಾರ್ವಜನಿಕರಿಗೆ ದೊರೆಯುವ ಅಂಕಿಗಳು ಸುಮಾರು 30 ಮೀಟರು ಚೌಕಕ್ಕೆ ಒಂದರಂತೆ ಇರುವುವು. 30 ಮೀಟರು ಚೌಕವೆಂದರೆ ಹೆಚ್ಚು ಕಡಮೆ ಒಂಬತ್ತು ಗುಂಟೆ. ಆ ಒಂಬತ್ತು ಗುಂಟೆಗೆಲ್ಲ ಒಂದೇ ಎತ್ತರ. ಅದರೊಳಗಿನ ಬದು, ಬಸಿಗಾಲುವೆ, ಗದ್ದೆಯ ಮಡಿಗಳ ಮೆಟ್ಟಿಲು ಯಾವುದೂ ಕಾಣಿಸದು.

ಇದಲ್ಲದೆ ಆಕಾಶದಿಂದ ಮಾಡಿದ ಅಳತೆಯು ಎಲ್ಲೆಡೆಯೂ ನೆಲವನ್ನು ಮುಟ್ಟಿರುವುದಿಲ್ಲ. ಒತ್ತಾದ ಕಾಡಿನ ಮೇಲೆ ಅದು ಮರಗಳ ನೆತ್ತಿಯ ಸಮೀಪದ ಎತ್ತರವನ್ನೇ ನೆಲದ ಎತ್ತರವೆಂದು ಕೊಡುವುದು. ಸೊರಬದ ಕಾನುಗಳು ಇರುವುದಕ್ಕಿಂತ ಎತ್ತರವಾದ ದಿಬ್ಬಗಳಾಗಿಯೂ, ಕಣಿವೆಯ ತಗ್ಗಿನಲ್ಲಿರುವ ಅಡಿಕೆಯ ತೋಟಗಳು ಇರುವುದಕ್ಕಿಂತ ಮೇಲಾಗಿಯೂ ತೋರುವುದು ಇದರಿಂದಲೇ. ತೋಟದ ಬಸಿಗಾಲುವೆಯನ್ನು ಇಂತಹ ನಕ್ಷೆಯನ್ನು ನಂಬಿ ತೋಡಿಸಿದರೆ ನೀರು ತಿರುಗಿ ತೋಟಕ್ಕೇ ಬರಬಹುದು. ಕೆರೆಗಳ ವಿಷಯದಲ್ಲಿಯೂ ಹೀಗೆಯೇ: ರೇಡಾರು ನೀರಿನ ಮೇಲ್ಮೈಯನ್ನು ಕಾಣುವುದೇ ಹೊರತು ತಳವನ್ನು ಕಾಣದು. ಆದುದರಿಂದ ನಕ್ಷೆಯಲ್ಲಿ ಕೆರೆಯು ಕಣದಂತೆ ಸಪಾಟಾಗಿರುವುದು. ಅದರ ಆಳವನ್ನು ಊರಿನವರೇ ಅಳೆಯಬೇಕು.

ಕೆರೆಯ ತಳದ ನಕ್ಷೆ

ಕೆರೆ ಕಟ್ಟುವ ವಿದ್ಯೆಯು ಈ ಸೀಮೆಯಲ್ಲಿ ಪ್ರಾಚೀನವಾದುದು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಐದನೆಯ ಶತಮಾನದ ಸ್ತಂಭಶಾಸನವು ಕದಂಬರ ಕಾಕುಸ್ಥವರ್ಮನು ಅಲ್ಲಿಯ ದೇವಾಲಯದ ಬಳಿ ಕೆರೆಯನ್ನು ತೋಡಿಸಿದುದನ್ನು ಹೇಳುತ್ತದೆ. ಅಂದಿನವರು ನಕ್ಷೆಯಿಲ್ಲದೆಯೇ ನೀರಿನ ಮಟ್ಟವನ್ನು ಅರಿತಿದ್ದರು. ಇಂದಿನವರಿಗೆ ಅದೇ ನೀರು ನಕ್ಷೆಯನ್ನು ಬರೆದುಕೊಡಲು ಸಿದ್ಧವಾಗಿದೆ.

ಅದರ ಕ್ರಮ ಹೀಗೆ. ತೂಬಿನ ಬಳಿ ಮೀಟರುಗಳನ್ನು ಗುರುತಿಸಿದ ಅಳತೆಗಂಬವನ್ನು ಭದ್ರವಾಗಿ ನಿಲ್ಲಿಸತಕ್ಕದ್ದು. ಕೆರೆ ಕೋಡಿಯ ಮಟ್ಟಕ್ಕೆ ತುಂಬಿದಾಗ, ಗಾಳಿಯಿಲ್ಲದ ಬೆಳಿಗ್ಗೆ, ನೀರಂಚಿನಲ್ಲಿ ಅಲ್ಲಲ್ಲಿ ಗೂಟಗಳನ್ನು ನೆಡತಕ್ಕದ್ದು. ನೀರು ಒಂದೊಂದು ಮೀಟರು ಇಳಿದಾಗಲೂ ಹೀಗೆಯೇ ಮಾಡಿ, ಪ್ರತಿಯೊಂದು ಸುತ್ತಿನ ಒಳಗಿರುವ ವಿಸ್ತೀರ್ಣವನ್ನು ಸರಪಳಿಯಿಂದಾಗಲಿ ಮೊಬೈಲ್ ಫೋನಿನ ಸ್ಥಳಸೂಚಕದಿಂದಾಗಲಿ ಅಳೆದು, ತಾರೀಖಿನೊಡನೆ ಬರೆದಿಡತಕ್ಕದ್ದು. ಉದಾಹರಣೆಗೆ, ತುಂಬಿದಾಗ 40 ಎಕರೆ, ಒಂದು ಮೀಟರು ಇಳಿದಾಗ 28, ಎರಡು ಮೀಟರು ಇಳಿದಾಗ 16, ಮೂರು ಮೀಟರು ಇಳಿದಾಗ 6 ಎಕರೆ ಎಂದಿಟ್ಟುಕೊಳ್ಳೋಣ. ಮೇಲಿನ ಪದರದ ನೀರು 40 ಮತ್ತು 28ರ ಸರಾಸರಿ, ಎಂದರೆ 34 ಎಕರೆ-ಮೀಟರು, ಎರಡನೆಯದು 22, ಮೂರನೆಯದು 11. ತೀರ ಕೆಳಗಿನ ಗುಂಡಿಯನ್ನು ಬಿಟ್ಟು ಒಟ್ಟು 67 ಎಕರೆ-ಮೀಟರು. ಒಂದು ಎಕರೆ-ಮೀಟರು ಸುಮಾರು 4,047 ಘನ ಮೀಟರಾದುದರಿಂದ ಇದು ಸುಮಾರು 2,71,000 ಘನ ಮೀಟರಾಗುವುದು.

ಈ ಲೆಕ್ಕದಿಂದ ತಿಳಿದುಬರುವ ಸಂಗತಿಯು ಗ್ರಾಮದ ಮುಖ್ಯಸ್ಥರ ಗಮನಕ್ಕೆ ವಿಶೇಷವಾಗಿ ಅರ್ಹವಾದುದು. ನಕ್ಷೆಯಲ್ಲಿ ಅತ್ಯಂತ ತೆಳುವಾದ ಬಣ್ಣದಿಂದ ಕಾಣುವ ಹೊರಪಟ್ಟಿಯು 12 ಎಕರೆ; ಅಲ್ಲಿ ನೀರಿನ ಆಳ ಒಂದು ಮೀಟರಿಗಿಂತಲೂ ಕಡಮೆ. ಒತ್ತುವರಿ ನಡೆಯುವುದು ಈ ಪಟ್ಟಿಯಲ್ಲಿಯೇ. ಅಲ್ಲಿ ಗದ್ದೆ ಮಾಡಿದವನು ತನ್ನ ಪೈರು ಮುಳುಗದಿರಲೆಂದು ಕೋಡಿಯನ್ನು ಒಂದು ಮೀಟರು ತಗ್ಗಿಸಿದರೆ, ಆಗ ಕೆರೆಯು ಕಳೆದುಕೊಳ್ಳುವುದು ಹೊರಪಟ್ಟಿಯ ನೀರನ್ನಷ್ಟೇ ಅಲ್ಲ. ಮೇಲಿನ ಪದರವೆಲ್ಲವನ್ನೂ, ಎಂದರೆ 67ರಲ್ಲಿ 34 ಭಾಗವನ್ನು. ಹನ್ನೆರಡು ಎಕರೆಯ ಪೈರಿಗಾಗಿ ಅಚ್ಚುಕಟ್ಟಿನ ಅರ್ಧ ನೀರು ಹೋದಂತಾಯಿತು. ಅದೇ ಕೆರೆಯಲ್ಲಿ ಏರಿಯ ಬಳಿಯ ಆಳವಾದ 6 ಎಕರೆಯಲ್ಲಿ ಒಂದು ಮೀಟರು ಹೂಳೆತ್ತಿದರೆ ಹೆಚ್ಚುವುದು 6 ಎಕರೆ-ಮೀಟರು ಮಾತ್ರ. ದಟ್ಟವಾದ ಬಣ್ಣವಿರುವೆಡೆಗೆ ಹಣವನ್ನು ಸುರಿದು, ತೆಳುವಾದ ಬಣ್ಣವಿರುವೆಡೆಯನ್ನು ಅಲಕ್ಷ್ಯ ಮಾಡಿದರೆ ಕೆರೆಯು ಉಳಿಯದೆಂಬುದು ಇದರಿಂದ ಸ್ಪಷ್ಟ.

ಮಣ್ಣು ಮತ್ತು ಹಸುರು

ಮಣ್ಣಿನ ಆರೋಗ್ಯ ಚೀಟಿಯ ಯೋಜನೆಯು 2015ರಲ್ಲಿ ಪ್ರಾರಂಭವಾದಾಗ ನೀರಾವರಿ ಪ್ರದೇಶದಲ್ಲಿ 2.5 ಹೆಕ್ಟೇರಿಗೆ ಒಂದು, ಮಳೆಯಾಶ್ರಯದಲ್ಲಿ 10 ಹೆಕ್ಟೇರಿಗೆ ಒಂದು ಎಂಬ ಪ್ರಮಾಣದಲ್ಲಿ ಮಾದರಿಗಳನ್ನು ತೆಗೆಯಬೇಕೆಂದು ಗೊತ್ತುಮಾಡಿದ್ದಿತು. 2.5 ಹೆಕ್ಟೇರೆಂದರೆ 6 ಎಕರೆ 7 ಗುಂಟೆ. 10 ಹೆಕ್ಟೇರೆಂದರೆ ಸುಮಾರು 24 ಎಕರೆ 28 ಗುಂಟೆ. ಸಣ್ಣ ಹಿಡುವಳಿಗಳ ಹಳ್ಳಿಯಲ್ಲಿ ಇಷ್ಟು ನೆಲವು ಹತ್ತಾರು ಜನರದಾಗಿರಬಹುದು. ಅವರಲ್ಲಿ ಒಬ್ಬನು ಸುಣ್ಣ ಹಾಕಿರಬಹುದು, ಮತ್ತೊಬ್ಬನು ಹಾಕದಿರಬಹುದು. ಆದುದರಿಂದ ಇಂತಹ ಅಂಕಿಗಳಿಂದಾದ ಛಾಯೆಯು ಹೋಬಳಿಯ ಒಟ್ಟು ಸ್ಥಿತಿಯನ್ನು ತಿಳಿಯಲು ಉತ್ತಮ ಸಾಧನ; ತನ್ನ ಒಂದು ಗದ್ದೆಗೆ ಎಷ್ಟು ಸುಣ್ಣ, ಎಷ್ಟು ರಂಜಕ ಎಂಬುದನ್ನು ನಿಶ್ಚಯಿಸಲು ತನ್ನ ಮಣ್ಣನ್ನೇ ಪರೀಕ್ಷಿಸಬೇಕು.

ಉಪಗ್ರಹವು ತೋರಿಸುವ ಹಸುರಿನ ಛಾಯೆಗೂ ಈ ಎಚ್ಚರಿಕೆ ಸಲ್ಲುವುದು. ನೂರಾರು ವರ್ಷಗಳ ಕಾನೂ, ಈಚೆಗೆ ನೆಟ್ಟ ಅಕೇಶಿಯಾ ತೋಪೂ, ಅಡಿಕೆ ತೋಟವೂ ಬೇಸಗೆಯಲ್ಲಿ ಹೆಚ್ಚು ಕಡಮೆ ಒಂದೇ ಹಸುರಾಗಿ ಕಾಣಬಹುದು. ಸೊರಬದ ಕಾನುಗಳನ್ನು ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು 1868ರಲ್ಲಿಯೇ ಪರಿಶೀಲಿಸಿ ವರದಿ ಬರೆದಿದ್ದರು. ಕಾನಿಗೂ ತೋಪಿಗೂ ಇರುವ ಭೇದವನ್ನು ಹೇಳುವುದು ನಡೆದು ನೋಡಿದ ಕಣ್ಣು, ಬಣ್ಣವಲ್ಲ.

ನಕ್ಷೆಯನ್ನು ಕೈಗೆತ್ತಿಕೊಂಡಾಗ ವಿಚಾರಿಸತಕ್ಕ ಅಂಶಗಳು

1. ಬಣ್ಣವು ಯಾವ ಅಂಕಿಯನ್ನು ಸೂಚಿಸುವುದು? ಬಿದ್ದ ಮಳೆಯನ್ನೋ, ವಾಡಿಕೆಗಿಂತ ಆದ ಕೊರತೆಯನ್ನೋ? ಅಳತೆಯು ಮಿಲಿಮೀಟರಿನಲ್ಲೋ, ಶೇಕಡಾದಲ್ಲೋ?

2. ಅಳತೆಯ ಬಿಂದುಗಳು ಎಲ್ಲಿವೆ, ಎಷ್ಟಿವೆ? ತಮ್ಮ ಊರಿಗೆ ಹತ್ತಿರದ ಬಿಂದು ಯಾವುದು? ಅದು ಘಟ್ಟದ ಕಡೆಗಿದೆಯೋ ಬಯಲ ಕಡೆಗಿದೆಯೋ?

3. ಅಂಕಿಗಳು ಯಾವ ದಿನದವು? ಮಳೆಯ ದಿನವನ್ನು ಬೆಳಿಗ್ಗೆ 8-30ರಿಂದ ಮರುದಿನ 8-30ರವರೆಗೆ ಎಣಿಸುವುದರಿಂದ, ರಾತ್ರಿಯ ಮಳೆಯು ಮರುದಿನದ ತಾರೀಖಿನಲ್ಲಿ ದಾಖಲಾಗುವುದು.

4. ಬಣ್ಣದ ಒಂದು ಮೆಟ್ಟಿಲಿಗೆ ಎಷ್ಟು ಅಂತರ? ತಮ್ಮ ಊರಿನ ಅಂಕಿಯು ಮೆಟ್ಟಿಲಿನ ಅಂಚಿನಲ್ಲಿದೆಯೇ, ನಡುವೆ ಇದೆಯೇ? ಅಂಚಿನಲ್ಲಿದ್ದರೆ ಬಣ್ಣವನ್ನು ಬಿಟ್ಟು ಅಂಕಿಯನ್ನೇ ಕೇಳಿ ಪಡೆಯಬೇಕು.

5. ಛಾಯೆಯು ಗಡಿಯವರೆಗೆ ಒಂದೇ ಸಮನಾಗಿದೆಯೇ, ಕ್ರಮವಾಗಿ ಬದಲಾಗುವುದೇ? ಒಂದೇ ಸಮನಾಗಿದ್ದರೆ ಅದು ಸರಾಸರಿಯೆಂದು ತಿಳಿಯಬೇಕು.

6. ನೆಲದ ನಕ್ಷೆಯಾದರೆ, ಕಪ್ಪು ಎಂಬುದು ಎತ್ತರದ ಗುರುತೋ, ಬರಿಯ ನೆರಳೋ? ಅಳತೆಯು ನೆಲದ್ದೋ, ಮರದ ನೆತ್ತಿಯದೋ?

ಉಪಸಂಹಾರ

ಮೇಲ್ಕಂಡ ಪ್ರಶ್ನೆಗಳಿಗೆ ಉತ್ತರ ದೊರೆತ ನಕ್ಷೆಯು ವಿಶ್ವಾಸಕ್ಕೆ ಪಾತ್ರವಾದುದು; ಅದು ನೂರು ಪುಟಗಳ ಅಂಕಿಗಳು ಹೇಳಲಾರದುದನ್ನು ಒಂದು ನೋಟದಲ್ಲಿ ಹೇಳುವುದು. ಉತ್ತರ ದೊರೆಯದ ನಕ್ಷೆಯನ್ನು ತಿರಸ್ಕರಿಸಬೇಕಾದುದಿಲ್ಲ, ಆದರೆ ಅದರ ಬಣ್ಣದ ಮೇಲೆ ಊರಿನ ಹಣವನ್ನಾಗಲಿ ಪೈರನ್ನಾಗಲಿ ಹೂಡತಕ್ಕದ್ದಲ್ಲ. ಪ್ರತಿಯೊಂದು ಗ್ರಾಮದಲ್ಲಿಯೂ ಒಂದು ಪುಸ್ತಕವನ್ನಿಟ್ಟು, ದಿನದ ಮಳೆ, ಕೆರೆಯ ನೀರಂಚಿನ ಮಟ್ಟ, ಬೇಸಗೆಯಲ್ಲಿ ನಾಲ್ಕಾರು ಬಾವಿಗಳ ನೀರಿನ ಆಳ ಇವುಗಳನ್ನು ತಾರೀಖಿನೊಡನೆ ಬರೆಯುತ್ತ ಬಂದರೆ ಖರ್ಚು ಹೆಚ್ಚಿಲ್ಲ. ಕೆಲವು ವರ್ಷಗಳಲ್ಲಿ ಅದು ಆ ಊರಿನ ಸ್ವಂತ ಛಾಯಾನಕ್ಷೆಗೆ ಸಾಮಗ್ರಿಯಾಗುವುದು. ದೂರದಲ್ಲಿ ತಯಾರಾದ ನಕ್ಷೆಯು ಊರಿನ ನಿಜಕ್ಕೆ ಹೊಂದದೆ ಹೋದಾಗ, ಗ್ರಾಮಸಭೆಯಲ್ಲಾಗಲಿ ತಾಲ್ಲೂಕು ಕಚೇರಿಯಲ್ಲಾಗಲಿ ಮುಂದಿಡಬಹುದಾದ ಆಧಾರವೂ ಆ ಪುಸ್ತಕವೇ ಆಗಿರುವುದು.